ತಮ್ಮನ ಮೈಮೇಲಿನ ಹಸಿರು ಜೆರ್ಸಿ

ಬೇಸಿಗೆ ಮುಗಿದು ಗಾಳಿ ತಣ್ಣಗಾಗುತ್ತಿದ್ದ ಕಾಲ. ಇಳಿಹೊತ್ತು. ರಗ್ಬಿ ಪಂದ್ಯಾವಳಿಯ ಮೊದಲ ಆಟ ಆಗಷ್ಟೇ ಮುಗಿದಿತ್ತು.

ಕ್ರೀಡಾಂಗಣದ ಬೀದಿಯ ತುಂಬ ಜನ. ಹಾಡು, ಕೂಗಾಟ, ಒಡೆದ ಬಾಟಲಿ. ಆ ಬೀದಿಯ ಮೂಲೆಯ ಲಾಂಡ್ರಿಯಲ್ಲಿ ಅವಳು ಹೋಟೆಲಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಒಂದು ಗುಂಪು ಒಬ್ಬರನ್ನೊಬ್ಬರು ನೂಕುತ್ತ ಬಂದು ಅಂಗಡಿಯ ಗಾಜಿನ ಬಾಗಿಲಿಗೆ ಬಿತ್ತು. ಗಾಜು ಗಡಗಡ ನಡುಗಿತು!

"ಶಟರ್ ಎಳೀರಿ!"

ಕ್ರೀಡಾಂಗಣದ ಗೇಟು ಕಾಯುವ ಹಳದಿ ಜಾಕೆಟ್ಟಿನವನೊಬ್ಬ ಎಲ್ಲಿಂದಲೋ ನುಗ್ಗಿ ಬಂದು, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ.

"ಶಟರ್ ಕೆಟ್ಟಿದೆ ರೀ! ಇಲ್ಲೆಲ್ಲ ಒಗೆದ ಬಟ್ಟೆ! ಒಬ್ಬನ ಕಾಲು ಬಿದ್ರೂ ಎಲ್ಲಾ ನಾನು ಮತ್ತೆ ಒಗೀಬೇಕು!"

"ಹಾಗಾದ್ರೆ ನನ್ನೇ ಶಟರ್ ಅನ್ಕೊಳ್ಳಿ."

ಜನ ಕರಗುವವರೆಗೂ ಅವನು ಅಲ್ಲಾಡಲಿಲ್ಲ. ಅವಳು ಅವನ ಬೆನ್ನಿಗೇ ಬೈದಳು. ಆಮೇಲೆ ಬೆನ್ನಿಗೇ ನೀರು ಬೇಕಾ ಎಂದು ಕೇಳಿದಳು.

"ಮಾತಾಡೋರ ಕಡೆ ತಿರುಗೋ ಅಭ್ಯಾಸ ಇಲ್ವಾ ನಿಮಗೆ?"

"ಜನ ಇರೋವಾಗ ತಿರುಗಿದ್ರೆ ಕೆಲಸ ಹೋಗುತ್ತೆ."

ಕೊನೆಗೆ ತಿರುಗಿದಾಗ ನೋಡುತ್ತಾಳೆ, ತುಟಿ ಒಡೆದು ಗದ್ದದ ತನಕ ರಕ್ತ ಇಳಿದಿತ್ತು. ಯಾರದೋ ಮೊಣಕೈ ತಗುಲಿತ್ತು.

'ಅಯ್ಯೋ... ಇಷ್ಟು ಹೊತ್ತು ಹೀಗೇ ನಿಂತಿದ್ನಾ?'

ಅವನು ನಕ್ಕ. ನಕ್ಕಿದ್ದಕ್ಕೆ ಮತ್ತಷ್ಟು ರಕ್ತ ಬಂತು. ಕೈಯಲ್ಲಿದ್ದ ಬಿಳಿ ದಿಂಬಿನ ಚೀಲವನ್ನೇ ಅವನ ತುಟಿಗೆ ಒತ್ತಿದಳು.

"ಅದು ಹೋಟೆಲಿನದು ಕಣೇ!" ಎಂದು ಒಳಗಿನಿಂದ ಅತ್ತೆ ಕೂಗಿಕೊಂಡಳು.

ಅಪ್ಪ ಅಮ್ಮ ಇಲ್ಲದ ಅವಳನ್ನೂ ತಮ್ಮನನ್ನೂ ಸಾಕಿದ್ದು ಈ ಸೋದರತ್ತೆ. ಲಾಂಡ್ರಿ ಅತ್ತೆಯದೇ. ಇಸ್ತ್ರಿ ಅವಳ ಪಾಲು, ಗಂಟು ಹೊರುವುದು ತಮ್ಮನ ಪಾಲು. ತಮ್ಮನನ್ನು ಎಲ್ಲರೂ ಗೂಳಿ ಎಂದೇ ಕರೆಯುತ್ತಿದ್ದರು. ಅಗಲ ಭುಜ, ದೊಡ್ಡ ಬಾಯಿ, ರಗ್ಬಿ ಎಂದರೆ ಪ್ರಾಣ. ಊರಿನ ತಂಡದ ನೀಲಿ ಜೆರ್ಸಿ ಹಾಕಿದನೆಂದರೆ ಒಗೆಯಲೂ ಬಿಚ್ಚಿಕೊಡುತ್ತಿರಲಿಲ್ಲ.

"ಅದರಲ್ಲೇನಿದೆಯೋ ಮಾರಾಯ! ಚೆಂಡೇ ಮೊಟ್ಟೆ ಥರ, ನೆಟ್ಟಗಿಲ್ಲ, ಇನ್ನು ಆಡೋರು ನೆಟ್ಟಗಿರ್ತಾರಾ?" ಎಂದು ಅತ್ತೆ ರೇಗಿಸುತ್ತಿದ್ದಳು.

ಆ ವಾರಗಳಲ್ಲಿ ನಗರ ನಗರದ ಹಾಗಿರಲಿಲ್ಲ. ರೈಲುಗಳು ಹಾಡುತ್ತ ಬರುತ್ತಿದ್ದವು. ಕಿಟಕಿಕಿಟಕಿಗೂ ಬಾವುಟ. ಬಾಡಿಗೆ ಕೋಣೆಯವರು ಹಳಬರನ್ನು ಎಬ್ಬಿಸಿ ಹೊರಗಿನವರಿಗೆ ಜಾಗ ಕೊಟ್ಟರು. ಗೆದ್ದವರು ಕುಣಿಯುತ್ತ ಬಸ್ಸಿನ ತಲೆಯ ಮೇಲೆ ಹತ್ತಿದರು, ಸೋತವರು ಬಸ್ ನಿಲ್ದಾಣದ ಬೆಂಚು ಮುರಿದರು. ಬೆಳಗಾದರೆ ಬೀದಿ ಗುಡಿಸುವ ಹೆಂಗಸರು ಗಾಜಿನ ಚೂರನ್ನು ಬುಟ್ಟಿ ಬುಟ್ಟಿ ಎತ್ತುತ್ತಿದ್ದರು.

ಗೇಟಿನವನು ತನ್ನ ಹಳದಿ ಜಾಕೆಟ್ಟನ್ನು ಒಗೆಯಲು ಲಾಂಡ್ರಿಗೇ ತರತೊಡಗಿದ. ಒಂದು ದಿನ ಬಿಯರ್ ವಾಸನೆ, ಇನ್ನೊಂದು ದಿನ ಯಾರದೋ ವಾಂತಿ.

"ಇಷ್ಟು ಕಷ್ಟಪಟ್ಟಾದ್ರೂ ಆಟ ಪುಕ್ಕಟೆ ನೋಡ್ತೀರಲ್ಲ ಬಿಡಿ," ಎಂದಳು ಅವಳು.

"ಒಂದೂ ನೋಡಿಲ್ಲ."

"ಏನು?"

"ನಾವು ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ನೋಡೋದು ಜನರನ್ನ ಮಾತ್ರ. ಯಾರು ಗೆದ್ರು ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ."

"ನನ್ನ ಮುಖ ನೋಡಿ ಏನು ಗೊತ್ತಾಗುತ್ತೆ?"

ಅವನು ತುಂಬ ಹೊತ್ತು ನೋಡಿದ. ಅವಳ ಕೈಯ ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತ್ತು.

"ಬಟ್ಟೆ ಸುಡ್ತಿದೆ ಅಂತ ಗೊತ್ತಾಗ್ತಿದೆ."

"ಅಯ್ಯಯ್ಯೋ!"

ಗೂಳಿ ಗಂಟು ಹೊತ್ತು ಒಳಗೆ ಬಂದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವಾ, ನೀವು ದಿನಾ ಹೀಗೆ ಬಂದ್ರೆ ನಮ್ಮಂಗಡಿ ಮುಚ್ಚಬೇಕಾಗುತ್ತೆ!"

ಭಾವ ಎಂದುಬಿಟ್ಟ! ಅವಳು ತಮ್ಮನ ಬೆನ್ನಿಗೆ ಒದ್ದೆ ಟವಲ್ಲಿನಿಂದ ಬಾರಿಸಿದಳು. ಆದರೆ ಆ ಮಾತು ಅವಳೊಳಗೆ ದಿನವಿಡೀ ಬೆಚ್ಚಗೆ ಕೂತಿತ್ತು.

ಸೆಮಿಫೈನಲ್ ಬಂತು. ನೀಲಿ ತಂಡಕ್ಕೆ ಎದುರಾಳಿ ಹೊರಗಿನ ಹಸಿರು ತಂಡ. ಹೊರಡುವಾಗ ಗೂಳಿ ಹೇಳಿದ, "ಆಟ ಮುಗಿದ ಮೇಲೆ ಎರಡೂ ಕಡೆಯ ಅಭಿಮಾನಿಗಳು ಜೆರ್ಸಿ ಬದಲಾಯಿಸಿಕೊಳ್ತೀವಿ ಅಕ್ಕ. ಸೋತವನು ಗೆದ್ದವರ ಬಣ್ಣ ಹಾಕ್ಕೊಂಡೇ ಮನೆ ಸೇರಬೇಕು. ಅದೇ ಮರ್ಯಾದೆ."

"ಹಸಿರು ಹಾಕ್ಕೊಂಡು ಬಂದ್ರೆ ಬಾಗಿಲು ತೆಗೆಯಲ್ಲ ನೋಡು."

"ಗೆದ್ದೇ ಬರ್ತೀನಿ!"

ಸೋತರು.

ಸಂಜೆ ಜನ ಕ್ರೀಡಾಂಗಣದಿಂದ ರೈಲು ನಿಲ್ದಾಣಕ್ಕೆ ಹೋಗುವ ಮೇಲ್ಸೇತುವೆಗೆ ನುಗ್ಗಿದರು. ಮೇಲಿನವರು ಇಳಿಯಲಿಲ್ಲ, ಕೆಳಗಿನವರು ನಿಲ್ಲಲಿಲ್ಲ. ಮೆಟ್ಟಿಲಿನ ಕಂಬಿ ಕಿತ್ತುಬಂತು, ಜನ ಒಬ್ಬರ ಮೇಲೊಬ್ಬರು ಕೆಳಗೆ ಬಿದ್ದರು.

ಆಂಬುಲೆನ್ಸಿನ ಸದ್ದು ಕೇಳಿ ಅವಳು ಚಪ್ಪಲಿಯಿಲ್ಲದೆ ಓಡಿದಳು. ಗೇಟಿನವನು ಹಗ್ಗ ಕಟ್ಟಿ ಜನರನ್ನು ತಡೆಯುತ್ತಿದ್ದ. ಜಾಕೆಟ್ಟಿನ ತುಂಬ ಮಣ್ಣು, ರಕ್ತ.

"ನನ್ನ ತಮ್ಮ! ಗೂಳಿ... ನೋಡಿದ್ರಾ?"

"ಇಲ್ಲ. ಹೆದರ್ಬೇಡಿ. ನಮ್ಮ ಕಡೆಯವರಿಗೆಲ್ಲ ತರಚು ಗಾಯ ಅಷ್ಟೇ. ಜಾಸ್ತಿ ಪೆಟ್ಟಾಗಿದ್ದು ಒಬ್ಬನಿಗೆ. ನಾನೇ ಎತ್ತಿ ಗಾಡಿಗೆ ಹಾಕಿದೆ. ಹಸಿರಿನವನು."

"ಸದ್ಯ..." ಎಂದಳು ಅವಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಮನೆಗೆ ಹೋಗಿ. ಅವನು ಸ್ನೇಹಿತರ ಜೊತೆ ಎಲ್ಲಾದ್ರೂ ಅಳ್ತಾ ಕೂತಿರ್ತಾನೆ. ನಾನಿದ್ದೀನಲ್ಲ."

ನಾನಿದ್ದೀನಲ್ಲ! ಅಷ್ಟು ಸಾಕಿತ್ತು ಅವಳಿಗೆ. ಬೇರೆ ಯಾರನ್ನೂ ಕೇಳಲಿಲ್ಲ. ಮನೆಗೆ ಬಂದು ತಮ್ಮನಿಗೆ ಊಟ ಮುಚ್ಚಿಟ್ಟು ಕಾದಳು.

ಬೆಳಿಗ್ಗೆ ಫೋನ್ ಬಂದದ್ದು ಹೊಳೆಯಾಚೆಯ ಆಸ್ಪತ್ರೆಯಿಂದ. ಹೊರಗಿನಿಂದ ಬಂದ ಪ್ರೇಕ್ಷಕರಿಗೆಂದು ಮೀಸಲಿಟ್ಟ ಆಸ್ಪತ್ರೆ ಅದು. ಅವಳೂ ಅತ್ತೆಯೂ ತಲುಪುವ ಹೊತ್ತಿಗೆ ಗೂಳಿ ಹೋಗಿಬಿಟ್ಟಿದ್ದ.

ಅವನ ಮೈಮೇಲಿದ್ದದ್ದು ಹಸಿರು ಜೆರ್ಸಿ.

ಯಾರೂ ವಿವರಿಸಬೇಕಾಗಲಿಲ್ಲ. ಜೆರ್ಸಿ ಬದಲಾಯಿಸಿಕೊಳ್ಳುವ ಸಂಗತಿ ಅವಳಿಗೆ ಗೊತ್ತಿತ್ತಲ್ಲ... ಗೊತ್ತಿದ್ದೂ 'ಹಸಿರಿನವನು' ಎಂದ ಕೂಡಲೇ ಉಸಿರು ಬಿಟ್ಟಿದ್ದಳಲ್ಲ!

"ಮೊದಲೇ ಗೊತ್ತಾಗಿದ್ರೆ ಉಳೀತಿದ್ನಾ ಡಾಕ್ಟ್ರೇ?" ಅತ್ತೆ ಕೇಳಿದಳು.

"ಇಲ್ಲಮ್ಮ. ತಲೆಗೆ ಬಿದ್ದ ಪೆಟ್ಟು. ಎಲ್ಲಿಗೆ ಕರ್ಕೊಂಡು ಹೋಗಿದ್ರೂ ಅಷ್ಟೇ."

ಅಷ್ಟೇ ಎಂದು ವೈದ್ಯರು ಸುಲಭವಾಗಿ ಹೇಳಿದರು. ಅವಳಿಗೆ ಹಾಗಿರಲಿಲ್ಲ. ರಾತ್ರಿಯಿಡೀ ಅವನು ಒಬ್ಬನೇ ಮಲಗಿದ್ದ. ಅಕ್ಕ ಅಂದಿರಬೇಕು. ನೀರು ಕೇಳಿರಬೇಕು. ಅಕ್ಕ ಮಾತ್ರ ಮನೆಯಲ್ಲಿ ಊಟ ಮುಚ್ಚಿಟ್ಟು ಕೂತಿದ್ದಳು. ಯಾಕೆ? ಒಬ್ಬನ ಮಾತು ನಂಬಿದ್ದಕ್ಕೆ!

ಗೇಟಿನವನು ಮಣ್ಣಿಗೂ ಬಂದ, ಹಿಂದೆ ನಿಂತ. ಮರುದಿನ ಅಂಗಡಿಗೆ ಬಂದ. ಅವಳು ಮುಖವೆತ್ತಲಿಲ್ಲ.

"ಒಂದು ಮಾತು..."

"ಅವನು ನಿಮ್ಮನ್ನ ಭಾವ ಅಂದಿದ್ದ. ಇದೇ ಜಾಗದಲ್ಲಿ ನಿಂತ್ಕೊಂಡು. ಅವನ ಮುಖ ಗುರುತು ಸಿಗಲಿಲ್ವಾ ನಿಮಗೆ?"

"ಕೆಸರು, ರಕ್ತ... ಆದ್ರೂ ಸಿಗ್ತಿತ್ತು. ನೋಡಿದ್ರೆ ಸಿಗ್ತಿತ್ತು. ಆಂಬುಲೆನ್ಸಿನವರು ಯಾವ ಕಡೆಯವನು ಅಂದ್ರು. ನಮಗೆ ಕಲಿಸಿರೋದು ಬಣ್ಣ ನೋಡಿ ಬೇರೆ ಮಾಡೋದು. ನಾನು ಜೆರ್ಸಿ ನೋಡಿದೆ. ಮುಖ ನೋಡಲಿಲ್ಲ."

"ಹೋಗಿ."

"ನಾನು..."

"ಹೋಗಿ ಅಂದೆ! ಇನ್ನು ಈ ಬಾಗಿಲಿಗೆ ಬರಬೇಡಿ!"

ಅವನು ಅಂದೇ ಗೇಟಿನ ಕೆಲಸ ಬಿಟ್ಟನಂತೆ ಎಂದು ಅತ್ತೆ ಸುದ್ದಿ ತಂದಳು. ಅವಳು ಕೇಳಿಸಿಕೊಳ್ಳದವಳ ಹಾಗೆ ಬಟ್ಟೆ ಮಡಿಸಿದಳು.

ಮೇಲ್ಸೇತುವೆಯ ಕಂಬಿಗೆ ಎರಡೂ ಬಣ್ಣದವರು ಹೂವು ಕಟ್ಟಿದರು, ಮೇಣದ ಬತ್ತಿ ಹಚ್ಚಿದರು. ಫೈನಲ್ ಹತ್ತಿರವಾದಂತೆ ಅದೇ ಹೂವಿನ ಪಕ್ಕ ನಿಂತು ಡೋಲು ಬಾರಿಸಿದರು. ಆಮೇಲೆ ಯಾರೋ ಹೂವಿನ ಮೇಲೇ ಬಾಟಲಿ ಇಟ್ಟು ಹೋದರು. ಹೊಸ ಕಂಬಿಗೆ ಬಣ್ಣವೂ ಬಂತು. ತಪ್ಪು ಯಾರದೂ ಅಲ್ಲ ಎಂದು ಪತ್ರಿಕೆಯಲ್ಲಿ ಬಂತು.

ಅವಳು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಪ್ರಶ್ನೆ. 'ನನ್ನ ಕರೆದನಾ? ಕರೆದು ಕರೆದು ಸತ್ತನಾ?'

ಫೈನಲ್ ದಿನ, ಶನಿವಾರ. ಬೀದಿಯೆಲ್ಲ ಕ್ರೀಡಾಂಗಣದ ಕಡೆ ಹರಿಯುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಗೇಟಿನವನು. ಗಡ್ಡ ಬಂದಿತ್ತು, ಕಣ್ಣು ಗುಳಿಬಿದ್ದಿದ್ದವು. ಪಕ್ಕದಲ್ಲಿ ವಯಸ್ಸಾದ ದಪ್ಪನೆಯ ಹೆಂಗಸು, ಹಸಿರು ಸ್ಕಾರ್ಫ್ ಮಡಚಿ ಚೀಲಕ್ಕೆ ತುರುಕುತ್ತಿದ್ದಳು.

"ಬರಬೇಡಿ ಅಂದಿದ್ದೆ," ಎಂದಳು ಅವಳು.

"ನಾನು ಹೊರಗೇ ಇರ್ತೀನಿ. ಇವರ ಮಾತು ಕೇಳಿ."

ಹೆಂಗಸು ಒಳಗೆ ಬಂದು ಬಟ್ಟೆಯ ಗಂಟಿನ ಮೇಲೇ ಕೂತಳು. ಆಕೆ ಶಾಲೆಯ ಬಸ್ಸು ಓಡಿಸುವವಳು, ಹಸಿರು ತಂಡ ಎಲ್ಲಿ ಆಡಿದರೂ ಹಿಂದೆ ಹೋಗುವವಳು. ಆಕೆಯ ಗುಂಪಿನವರಿಗೆಲ್ಲ ದೊಡ್ಡಮ್ಮ.

"ಈ ಹುಡುಗ ನಮ್ಮೋರು ಉಳ್ಕೊಂಡಿದ್ದ ಡೇರೆ ಡೇರೆಗೂ ನುಗ್ಗಿ ವಿಚಾರಿಸ್ಕೊಂಡು ಬಂದ ಕಣಮ್ಮ. ಆಸ್ಪತ್ರೇಲಿ ಆ ಹುಡುಗನ ಹತ್ರ ಯಾರಾದ್ರೂ ಕೂತಿದ್ರಾ ಅಂತ. ಎರಡು ಸಲ ನಮ್ಮೋರು ಹೊಡೆದು ಓಡಿಸಿದ್ರಂತೆ. ಮೂರನೇ ಸಲ ನಾನು ಸಿಕ್ಕೆ."

ಇಸ್ತ್ರಿ ಹಿಡಿದ ಅವಳ ಕೈ ನಿಂತಿತು. "ಕೂತಿದ್ರಾ? ಅವನ ಹತ್ರ... ನೀವಾ?"

"ನಮ್ಮ ಹುಡುಗ ಒಬ್ಬನೇ ಇದ್ದಾನೆ ಅಂದ್ರು. ಹೋದೆ. ಕೈ ಹಿಡ್ಕೊಂಡು ಕೂತೆ. ಬೆಳಕು ಹರಿಯೋ ಹೊತ್ತಿಗೆ ಕಣ್ಣು ಬಿಟ್ಟು ಮಾತಾಡಿದ. ಮಾತು ಕೇಳಿದ ಕೂಡ್ಲೇ ತಿಳೀತು, ಇವನು ನಮ್ಮವನಲ್ಲ, ಈ ಊರವನು ಅಂತ. ನರ್ಸಿಗೆ ಹೇಳಿದೆ. ಅವನಿಂದಲೇ ನಂಬರ್ ಕೇಳ್ಕೊಂಡು ಫೋನ್ ಮಾಡಿಸಿದೆ. ಆದ್ರೆ ಎದ್ದು ಹೋಗೋಕೆ ಮನಸ್ಸು ಬರಲಿಲ್ಲ."

"ಏನಂದ? ನೀರು ಕೇಳಿದ್ನಾ? ನೋವು ಅಂದ್ನಾ?"

"ನೋವು ಅನ್ನಲಿಲ್ಲ. 'ಗೆದ್ವಾ?' ಅಂದ."

ಅವಳು ಬಾಯಿಗೆ ಸೆರಗಿನ ತುದಿ ಒತ್ತಿಕೊಂಡಳು.

"ನಾನು ಹುಟ್ಟಿದಾಗಿಂದ ಹಸಿರಿನೋಳು ಕಣಮ್ಮ. ನನ್ನ ಗಂಡನ ಹತ್ರಾನೂ ಸೋಲು ಒಪ್ಕೊಂಡೋಳಲ್ಲ. 'ಗೆದ್ರಿ ಮಗಾ, ನೀವೇ ಗೆದ್ರಿ' ಅಂದೆ. ಅವನು ನಕ್ಕ. 'ಲಾಂಡ್ರಿ ಅಕ್ಕನಿಗೆ ಹೇಳಿ' ಅಂದ. ಆಮೇಲೆ ಮಲಗಿಬಿಟ್ಟ. ಎಬ್ಬಿಸಿದ್ರೂ ಏಳಲಿಲ್ಲ... ನೀವು ಬಂದಾಗ ನಾನು ಬಾಗಿಲ ಹಿಂದೆ ಇದ್ದೆ. ಈ ಬಣ್ಣ ಹಾಕ್ಕೊಂಡು ನಿಮ್ಮ ಮುಂದೆ ನಿಲ್ಲೋಕೆ ಧೈರ್ಯ ಬರಲಿಲ್ಲ."

ಅವಳು ಆವತ್ತು ಅತ್ತ ಹಾಗೆ ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ದೊಡ್ಡಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ದೂರದಲ್ಲಿ ಕ್ರೀಡಾಂಗಣ ಭೋರ್ಗರೆಯಿತು. ಯಾರೋ ಗೆಲ್ಲುತ್ತಿದ್ದರು. ದೊಡ್ಡಮ್ಮ ಆ ಕಡೆ ಕಿವಿಯೂ ಕೊಡಲಿಲ್ಲ.

ಕಣ್ಣೊರೆಸಿಕೊಂಡು ಅವಳು ಹೊರಗೆ ಬಂದಾಗ ಗೇಟಿನವನು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಹುಬ್ಬಿನ ಮೇಲೆ ಹಾಕಿದ ಹೊಲಿಗೆ ಇನ್ನೂ ಹಸಿಯಾಗಿತ್ತು.

"ಯಾಕೆ ಹುಡುಕಿದ್ರಿ?"

"ನಿಮಗೆ ತಮ್ಮನ್ನ ವಾಪಸ್ ಕೊಡೋಕೆ ಆಗಲ್ಲ. ಅವನು ಒಬ್ಬನೇ ಇದ್ನಾ ಅನ್ನೋದಾದ್ರೂ ತಿಳ್ಕೊಂಡು ಹೇಳೋಣ ಅಂತ. ಇದ್ದ ಅಂತಾಗಿದ್ರೂ ಬಂದು ಹೇಳ್ತಿದ್ದೆ."

ಅವಳು ಕಟ್ಟೆಯ ಇನ್ನೊಂದು ತುದಿಗೆ ಕೂತಳು.

"ನೀವು ಹಸಿರಿನವನು ಅಂದಾಗ ನಾನು ಏನಂದೆ, ನೆನಪಿದೆಯಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಸದ್ಯ ಅಂದೆ. ಬೇರೆ ಯಾರದೋ ಮಗ ಸಾಯ್ತಿದ್ದಾನೆ ಅಂತ ತಿಳಿದು ಸದ್ಯ ಅಂದೆ. ನಿಮ್ಮ ಮೇಲೆ ಕೂಗಾಡಿದ್ದೆಲ್ಲ... ಅದರಲ್ಲಿ ಅರ್ಧ ನನಗೆ ನಾನೇ ಬೈಕೊಂಡಿದ್ದು."

"ಹಾಗನ್ಬೇಡಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಹೇಳೋ ಹಕ್ಕು ನನಗಿಲ್ಲ. ಆದ್ರೂ ಹೇಳದೆ ಹೋಗೋಕೆ ಆಗ್ತಿಲ್ಲ. ಸೋಮವಾರ ನಾನು ಈ ನಗರ ಬಿಡ್ತಿದ್ದೀನಿ."

ಅವಳು ಎದ್ದು ಅಂಗಡಿಯೊಳಗೆ ದೊಡ್ಡಮ್ಮನ ಬಳಿಗೆ ಹೋದಳು.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದ ತುಂಬ ಮಂಕಾದ ಮುಖಗಳು, ಸುತ್ತಿಟ್ಟ ಬಾವುಟಗಳು. ದೊಡ್ಡಮ್ಮನನ್ನು ಕಳಿಸಿಕೊಡಲು ಅವಳೂ ಅತ್ತೆಯೂ ಬಂದಿದ್ದರು. ಅದೇ ಸಾಲಿನ ಕೊನೆಯಲ್ಲಿ ಅವನು, ಒಂದು ಚೀಲ ಹಿಡಿದು.

ದೊಡ್ಡಮ್ಮ ಬಸ್ಸು ಹತ್ತಿ ಕಿಟಕಿಯಿಂದ ಕೂಗಿದಳು, "ಏನು ಹುಡುಗಿ, ಅವನನ್ನ ಹತ್ತಿಸ್ತೀಯಾ ಇಳಿಸ್ತೀಯಾ? ಡ್ರೈವರ್ ಕಾಯಲ್ಲ, ನನಗೆ ಗೊತ್ತು!"

ಅವಳು ಹೋಗಿ ಅವನ ಎದುರು ನಿಂತಳು.

"ನಿಮ್ಮನ್ನ ನೋಡಿದಾಗಲೆಲ್ಲ ನನಗೆ ಅವನು ನೆನಪಾಗ್ತಾನೆ. ಇದು ಹೋಗಲ್ಲ."

"ಗೊತ್ತು."

"ಕೆಲವು ದಿನ ಮಾತೇ ಆಡದೆ ಇರ್ತೀನಿ. ಕೆಲವು ದಿನ ಸುಮ್ಮಸುಮ್ನೆ ಬೈತೀನಿ."

"ಬೈಯಿರಿ. ಅಂಗಡಿಯಲ್ಲಿ ಗಂಟು ಹೊರೋರು ಯಾರೂ ಇಲ್ಲ ಅಂತ ಅತ್ತೆ ಅಂದ್ರು. ಆ ಕೆಲಸಕ್ಕಾದ್ರೂ..."

"ಬೇಡ. ಅದು ಅವನ ಜಾಗ. ಅಲ್ಲಿ ಯಾರೂ ಬೇಡ." ಅವಳು ಅವನ ಕೈಯ ಚೀಲವನ್ನು ಮೆಲ್ಲಗೆ ತೆಗೆದುಕೊಂಡಳು. "ನನ್ನ ಪಕ್ಕಕ್ಕೆ ಬನ್ನಿ. ಅಲ್ಲಿ ಯಾವತ್ತೂ ಯಾರೂ ಇರಲಿಲ್ಲ."

"ಅಳ್ತಿದ್ದೀರಿ..."

"ನೀವೂ ಅಷ್ಟೇ. ನಡೀರಿ, ಜನ ನೋಡ್ತಿದ್ದಾರೆ."

ಬಸ್ಸು ಹೊರಟಿತು. ಕಿಟಕಿಯಿಂದ ಆಚೆ ಚಾಚಿದ ದೊಡ್ಡಮ್ಮನ ಕೈ ತಿರುವಿನವರೆಗೂ ಕಾಣುತ್ತಿತ್ತು. ಆ ಸೋಮವಾರ ಹೊರಗಿನವರೆಲ್ಲ ಹೋದರು.