ಚಿಲುಮೆಯ ಮೇಲಿನ ಹೆಸರು

ನವೆಂಬರ್ ಮೊದಲ ಶನಿವಾರ ಮಧ್ಯಾಹ್ನ ಎರಡೂವರೆಗೆ ದೋಲ್ನಿ ಬ್ರೆಗ್ ಪೊಲೀಸ್ ಠಾಣೆಗೆ ದೂರು ಬಂತು. ಅಂದು ಸತ್ತವರ ಶನಿವಾರ. ಊರಿಗೆ ಊರೇ ಬೆಳಿಗ್ಗೆಯಿಂದ ಸ್ಮಶಾನದಲ್ಲಿತ್ತು. ಠಾಣೆಯಲ್ಲಿದ್ದವನು ಕಾನ್‌ಸ್ಟೆಬಲ್ ಮಿಂಕೊ ಒಬ್ಬನೇ. ಅವನು ಅತ್ತೆ ಕಳಿಸಿದ ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸಿಕೊಂಡು ಮೊದಲ ಚಮಚ ಬಾಯಿಗಿಟ್ಟಿದ್ದ, ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

ಬಂದವಳು ರಾಲಿಟ್ಸಾ ಗೆಂಚೆವಾ. ಊರಿನ ಸಮುದಾಯ ಪ್ರತಿಷ್ಠಾನದ ಮುಖ್ಯಸ್ಥೆ.

"ಫಲಕ ಹೋಗಿದೆ ಮಿಂಕೊ. ಚಿಲುಮೆದು."

"ಯಾವ ಚಿಲುಮೆ?"

"ಊರಲ್ಲಿ ಹೊಸದಾಗಿ ಎಷ್ಟು ಚಿಲುಮೆ ರಿಪೇರಿ ಆಗಿವೆ ಮಾರಾಯಾ? ಕೆಳದಂಡೆದು! ದಾನಿಗಳ ಹೆಸರಿರೋ ಕಂಚಿನ ಫಲಕ. ನಾಳೆ ಬಿಟ್ಟು ಮುಂದಿನ ಭಾನುವಾರ ಉದ್ಘಾಟನೆ."

ಆಕೆ ಕುರ್ಚಿಯ ಮೇಲೆ ಕುಸಿದು ಕೂತಳು. ಆಕೆಯ ಕಷ್ಟ ಮಿಂಕೊನಿಗೂ ಗೊತ್ತಿತ್ತು. ಹಿಂದೊಮ್ಮೆ ಚರ್ಚಿನ ಗಂಟೆಗೆಂದು ಚಂದಾ ಎತ್ತಿದವರು ಗಂಟೆಯನ್ನೂ ತರಲಿಲ್ಲ, ಊರಿಗೂ ತಿರುಗಿ ಬರಲಿಲ್ಲ. ಅಂದಿನಿಂದ ಈ ಊರಿನವರು ರಸೀದಿ ಪುಸ್ತಕ ಕಂಡರೆ ಬೀದಿ ದಾಟುತ್ತಿದ್ದರು. ಅಂಥವರ ಮನೆಮನೆ ಹತ್ತಿಳಿದು, 'ಊರಿನ ದುಡ್ಡು ಊರಿಗೇ' ಎಂದು ನಂಬಿಸಿ ಈ ಹೆಣ್ಣುಮಗಳು ಮಾಡಿಸಿದ ಮೊದಲ ಕೆಲಸ ಆ ಚಿಲುಮೆ. ಚಳಿಗಾಲ ಕಳೆದ ಮೇಲೆ ಡಯಾಲಿಸಿಸ್ ರೋಗಿಗಳನ್ನು ಜಿಲ್ಲಾಸ್ಪತ್ರೆಗೆ ಒಯ್ಯುವ ವ್ಯಾನ್ ಕೊಳ್ಳಬೇಕೆಂದಿದ್ದಳು.

"ಈಗ ಎಲ್ಲರೂ ಏನಂತಾರೆ ಗೊತ್ತಾ? ರಾಲಿಟ್ಸಾನೇ ಮಾರ್ಕೊಂಡ್ಲು ಅಂತಾರೆ. ಇನ್ನು ವ್ಯಾನಿಗೆ ಯಾರು ಕೊಡ್ತಾರೆ?"

ಮಿಂಕೊ ಎಫ್‌ಐಆರ್ ದಾಖಲಿಸಿ, ಸ್ಮಶಾನದಲ್ಲಿದ್ದ ಇನ್‌ಸ್ಪೆಕ್ಟರ್ ಜಹಾರಿ ಟೊಂಕೊವ್‌ಗೆ ಫೋನ್ ಮಾಡಿದ. ಟೊಂಕೊವ್ ಈ ಊರಿಗೆ ವರ್ಗವಾಗಿ ಬಂದು ಎರಡು ವರ್ಷ. ಹೆಂಡತಿಯ ತವರು ಇಲ್ಲಿಯದೇ ಆದ್ದರಿಂದ ಮಾವನ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋಗಿದ್ದ. ಕೋಟಿಗೆ ಧೂಪದ ವಾಸನೆ ಅಂಟಿಸಿಕೊಂಡೇ ಬಂದ.

ಮೂರೂಕಾಲಿಗೆ ಸ್ಥಳ ಪಂಚನಾಮೆ ಆರಂಭವಾಯಿತು. ಡ್ಯಾನ್ಯೂಬ್ ದಂಡೆಗೆ ಇಳಿಯುವ ದಾರಿಯಲ್ಲಿ ಕಲ್ಲಿನ ಗೋಡೆ, ಎರಡು ಕೊಳವೆ, ಕೆಳಗೆ ತೊಟ್ಟಿ. ಗೋಡೆಯ ನಡುವೆ ಫಲಕ ಇದ್ದ ಜಾಗ ಖಾಲಿ. ಸ್ಮಶಾನದಿಂದ ಕೈತೊಳೆಯಲು ಬಂದವರಲ್ಲಿ ಇಬ್ಬರನ್ನು ಪಂಚರಾಗಿ ನಿಲ್ಲಿಸಿದರು.

"ಗುಜರಿ ಕಳ್ಳರು ಸಾರ್," ಎಂದ ಮಿಂಕೊ. "ಕಂಚು ಕೆಜಿ ಲೆಕ್ಕದಲ್ಲಿ ಹೋಗತ್ತೆ."

"ಗುಜರಿ ಕಳ್ಳ ಸ್ಕ್ರೂ ವಾಪಸ್ ಹಾಕ್ತಾನಾ?"

ಮಿಂಕೊ ಬಗ್ಗಿ ನೋಡಿದ. ನಾಲ್ಕು ಮೂಲೆಯ ನಾಲ್ಕು ಸ್ಕ್ರೂಗಳೂ ಅವುಗಳ ತೂತುಗಳಲ್ಲೇ ಇದ್ದವು. ಬಿಗಿಯಾಗಿ ತಿರುಗಿಸಿ, ತಲೆಗೆ ಹಳದಿ ಮೇಣ ಸವರಲಾಗಿತ್ತು. ಚರ್ಚಿನಲ್ಲಿ ಕೊಡುವ ಮೇಣದಬತ್ತಿಯ ಮೇಣ ಅದು.

"ತುಕ್ಕು ಹಿಡೀಬಾರದು ಅಂತ," ಎಂದ ಟೊಂಕೊವ್. "ಫಲಕ ತಗೊಂಡು ಹೋದೋರು ಮತ್ತೆ ಇಲ್ಲಿಗೆ ಬರೋ ಯೋಚನೆ ಇಟ್ಕೊಂಡಿದಾರೆ."

"ಅಬ್ಬಬ್ಬಾ, ಎಂಥಾ ಮರ್ಯಾದಸ್ಥ ಕಳ್ಳ!"

ಕೊಳವೆಯ ಪಕ್ಕದ ಕಲ್ಲುಚಾಚಿನ ಮೇಲೆ ಗುಬ್ಬಿಗಳೆರಡು ಏನನ್ನೋ ಹೆಕ್ಕುತ್ತಿದ್ದವು. ಟೊಂಕೊವ್ ಅವನ್ನು ಓಡಿಸಿ ನೋಡಿದ. ಬೇಯಿಸಿದ ಗೋಧಿ, ಸಕ್ಕರೆ, ಪುಡಿ ಮಾಡಿದ ಅಕ್ರೋಟ. ಸ್ವಲ್ಪವನ್ನು ಲಕೋಟೆಗೆ ಹಾಕಿ, ಪಂಚನಾಮೆಯಲ್ಲಿ ಸೇರಿಸಲು ಹೇಳಿದ.

"ಗುಬ್ಬಿ ಊಟವನ್ನೂ ಜಪ್ತಿ ಮಾಡ್ತೀವಾ ಸಾರ್?"

"ಬರಿಯಪ್ಪಾ ಸುಮ್ನೆ."

ಫಲಕದ ಫೋಟೊ ಪಡೆಯಲು ಇಬ್ಬರೂ ಪಕ್ಕದ ಬೀದಿಯ ಪ್ರತಿಷ್ಠಾನದ ಕಚೇರಿಗೆ ಹೋದರು. ತೊಟ್ಟಿಯ ಬಳಿಯ ಕೆಸರು ಬೂಟಿಗೆ ಮೆತ್ತಿಕೊಂಡಿತ್ತು. ಬಾಗಿಲ ಮುಂದೆ ಮೆಟ್ಟಿಲಾಗಿ ಹಾಸಿದ್ದ ಬಿಳಿ ಚಪ್ಪಡಿಗೆ ಟೊಂಕೊವ್ ಎರಡೂ ಬೂಟುಗಳನ್ನು ಚೆನ್ನಾಗಿ ಉಜ್ಜಿ ಒಳಗೆ ಹೋದ. ಫೋಟೊದಲ್ಲಿ ನಲವತ್ತು ಚಿಲ್ಲರೆ ಹೆಸರುಗಳಿದ್ದವು. ಎಲ್ಲರೂ ಬದುಕಿರುವವರು.

"ಈ ಫಲಕದ ಮೇಲೆ ಯಾರಿಗಾದರೂ ಸಿಟ್ಟಿತ್ತಾ?" ಎಂದು ಕೇಳಿದ.

ರಾಲಿಟ್ಸಾ ನಿಟ್ಟುಸಿರಿಟ್ಟಳು. "ಸ್ತಮಾತ್ ಮಾವ. ಕಿತ್ತು ಹೊಳೆಗೆ ಎಸೀತೀನಿ ಅಂತ ಕಾಫಿ ಅಂಗಡೀಲಿ ಕೂಗಾಡಿದ್ರಂತೆ. ದಾನ ಕೊಟ್ಟೋರಿಗೆ ಗೌರವ ಆಗ್ಲಿ ಅಂತ ಹೆಸರು ಹಾಕ್ಸಿದೆ. ಅದರಲ್ಲಿ ಸಿಟ್ಟಾಗೋಕೆ ಏನಿದೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ."

ಭಾನುವಾರ ಬೆಳಿಗ್ಗೆ ಊರ ಹೊರಗಿನ ಗುಜರಿ ಅಂಗಡಿಯ ಶೋಧ ನಡೆಯಿತು. ಹಳೆಯ ಸ್ನಾನದ ತೊಟ್ಟಿಗಳ ಹೊರತು ಏನೂ ಸಿಗಲಿಲ್ಲ. ಹತ್ತು ಗಂಟೆಗೆ ಸ್ತಮಾತ್ ಠಾಣೆಗೆ ಬಂದ. ನಿವೃತ್ತ ದೋಣಿ ಮೆಕ್ಯಾನಿಕ್, ಎಪ್ಪತ್ತು ದಾಟಿದ ಗಟ್ಟಿ ಆಳು.

"ಹೊಳೆಗೆ ಎಸೀತೀನಿ ಅಂದಿದ್ದು ನಿಜಾನಾ?"

"ನಿಜ. ನೂರು ಸಲ ಅಂದಿದೀನಿ."

"ಯಾಕೆ?"

"ಸಾರ್, ಚಿಲುಮೆ ಮೇಲೆ ಯಾರ ಹೆಸರು ಇರತ್ತೆ? ಸತ್ತವರದು! ನೀರು ಕುಡಿದೋರು ಹೆಸರು ಓದಿ 'ದೇವರು ಕ್ಷಮಿಸಲಿ' ಅಂತಾರೆ. ಸತ್ತೋರಿಗೆ ಅಷ್ಟು ಪುಣ್ಯ. ಈ ಹುಡುಗಿ ಸೋಫಿಯಾದಲ್ಲಿ ಓದ್ಕೊಂಡು ಬಂದು ಬದುಕಿರೋ ನಮ್ಮನ್ನೆಲ್ಲ ಒಯ್ದು ಅಲ್ಲಿ ಕೂರಿಸಿದ್ಲು. ಕಾಫಿ ಅಂಗಡಿಗೆ ಹೋದ್ರೆ 'ಏನ್ ಸ್ತಮಾತ್, ಇನ್ನೂ ಇಲ್ಲೇ ಇದೀಯಾ?' ಅಂತಾರೆ. ವಿದಿನ್ ಪಟ್ಟಣದಿಂದ ಬೀಗರು ಫೋನ್ ಮಾಡಿ, ಮಣ್ಣು ಯಾವಾಗ ಆಯ್ತು, ನಮಗೆ ತಿಳಿಸಲೇ ಇಲ್ವಲ್ಲ ಅಂತ ಅತ್ರು!"

ಮಿಂಕೊ ನಗು ತಡೆಯಲು ಕಿಟಕಿಯ ಕಡೆ ತಿರುಗಿದ.

"ಶನಿವಾರ ಬೆಳಿಗ್ಗೆ ಎಲ್ಲಿದ್ರಿ?"

"ಹೆಂಡ್ತಿ ಹತ್ರ."

"ನಿಮ್ಮ ಹೆಂಡತಿ ತೀರಿಕೊಂಡಿದಾರಲ್ಲ?"

"ಮತ್ತೆ? ಅದಕ್ಕೇ ಸ್ಮಶಾನದಲ್ಲಿದ್ದೆ. ನಿಮ್ಮ ಮಾವನ ಸಮಾಧಿಯಿಂದ ನಾಲ್ಕನೇದು. ನೀವೇ ನಂಗೆ ವೈನ್ ಕೊಟ್ರಿ, ಮರೆತ್ರಾ?"

ಕೊಟ್ಟದ್ದು ಹೌದು. ಟೊಂಕೊವ್ ಕೆಮ್ಮಿ ಮುಂದಿನ ಪ್ರಶ್ನೆಗೆ ಹೋದ. "ಸ್ಮಶಾನದಲ್ಲಿ ಕಾಣದೇ ಇದ್ದವರು ಯಾರಾದ್ರೂ ಇದ್ರಾ?"

"ಯಾರೂ ಇಲ್ಲ. ಅವತ್ತು ಸ್ಮಶಾನಕ್ಕೆ ಬರದೋನು ಅಂದ್ರೆ ಅಲ್ಲಿ ತನ್ನೋರು ಯಾರೂ ಇಲ್ಲದೋನು."

ಮುದುಕ ಹೋದ ಮೇಲೆ ಟೊಂಕೊವ್ ಲಕೋಟೆಯ ಗೋಧಿಯನ್ನು ಮೇಜಿನ ಮೇಲೆ ಸುರಿದುಕೊಂಡು ಬಹಳ ಹೊತ್ತು ಕೂತ. ಸತ್ತವರ ಶನಿವಾರದ ಗೋಧಿಯನ್ನು ಸಮಾಧಿಯ ಮೇಲಿಟ್ಟು ಅಕ್ಕಪಕ್ಕದವರಿಗೆ ಹಂಚುತ್ತಾರೆ. ಚಿಲುಮೆಯ ಬಳಿ ಇಡುವವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಚಿಲುಮೆಯೇ ಸಮಾಧಿಯಾದವರು ಯಾರಾದರೂ ಇದ್ದರೆ ಮಾತ್ರ ಹಾಗೆ ಇಟ್ಟಾರು ಎಂದು ಅವನಿಗೆ ಹೊಳೆಯಿತು.

"ಮಿಂಕೊ, ಚಿಲುಮೆ ಹಳೇದು. ಮೊದಲೂ ಅದರ ಮೇಲೆ ಏನಾದ್ರೂ ಬರೆದಿತ್ತಾ?"

"ಒಂದು ಕಲ್ಲಿತ್ತು ಸಾರ್. ಬರೀ ಪಾಚಿ. ನಾವು ಅದರ ಮೇಲೆ ಸೈಕಲ್ ಒರಗಿಸ್ತಿದ್ವಿ. ಓದೋಕೆ ಯಾರು ಹೋಗಿದ್ರು?"

ಸಂಜೆ ಚರ್ಚಿನಲ್ಲಿ ಪಾದ್ರಿ ಹರಿತೋನ್ ಪೂಜೆಯ ಉಡುಪು ಮಡಿಸುತ್ತಿದ್ದರು. ಸಮಾಧಿಯೇ ಇಲ್ಲದವರು ಊರಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಕೇಳಿ ಅವರು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟರು.

"ಮಣ್ಣು ಸಿಗದೇ ಹೋದೋರು ನಮ್ಮೂರಲ್ಲಿ ಇಬ್ಬರು. ಒಬ್ಬರ ಮನೆಯವರು ಸ್ಪೇನಿಗೆ ಹೋಗಿ ಎಷ್ಟೋ ಕಾಲ ಆಯ್ತು. ಇನ್ನೊಬ್ಬ ಪರ್ವಾನ್, ಶಾಲೆ ಅಡುಗೆಮನೇಲಿ ಕೆಲಸ ಮಾಡೋ ಕೀನಾಳ ತಮ್ಮ. ಡ್ಯಾನ್ಯೂಬ್ ಹೆಪ್ಪುಗಟ್ಟಿದ ವರ್ಷ ಮಂಜುಗಡ್ಡೆ ಒಡೆದು ಮುಳುಗಿಹೋದ. ಹತ್ತೊಂಬತ್ತು ವಯಸ್ಸು. ಹೆಣ ಸಿಗಲಿಲ್ಲ. ಅವರಪ್ಪ ಆ ಚಿಲುಮೆ ಕಟ್ಟಿಸಿ ಹೆಸರು ಕೆತ್ತಿಸಿದ." ಪಾದ್ರಿ ಶಿಲುಬೆಯ ಗುರುತು ಹಾಕಿಕೊಂಡರು. "ಅಯ್ಯೋ ದೇವರೇ. ರಿಪೇರಿ ಆದ ಮೇಲೆ ನಾನೂ ಅಲ್ಲಿ ನೀರು ಕುಡಿದೆ. ಕಲ್ಲೆಲ್ಲಿ ಅಂತ ಕೇಳಲೇ ಇಲ್ಲ."

ಟೊಂಕೊವ್ ಫಲಕದ ಫೋಟೊ ತೆಗೆದು ನೋಡಿದ. ದಾನಿಗಳ ಹೆಸರುಗಳ ನಡುವೆ ಕೀನಾ ಪರ್ಲೊವಾ ಎಂಬ ಹೆಸರೂ ಇತ್ತು.

ಸೋಮವಾರ ಸಂಜೆ ನಾಲ್ಕಕ್ಕೆ ಶೋಧನಾ ವಾರಂಟ್ ಹಿಡಿದು ಇಬ್ಬರೂ ಕೀನಾಳ ಮನೆಯ ಬಾಗಿಲು ತಟ್ಟಿದರು. ಪಂಚರಾಗಿ ನೆರೆಮನೆಯ ದಂಪತಿ ಹಿಂದೆ ನಿಂತಿದ್ದರು. ಬಾಗಿಲು ತೆರೆದವಳು ದುಂಡು ಮುಖದ, ಅರವತ್ತರ ಹತ್ತಿರದ ಹೆಂಗಸು. ಕೈಗೆ ಹಿಟ್ಟು ಮೆತ್ತಿತ್ತು. ವಾರಂಟ್ ಓದಿಸಿಕೊಂಡಳು.

"ಬೂಟು ಬಿಚ್ಚಿ ಬನ್ನಿ. ಈಗಷ್ಟೇ ನೆಲ ಒರೆಸಿದೀನಿ."

ಕಾನೂನು ಒಪ್ಪುತ್ತದೋ ಇಲ್ಲವೋ, ಪೊಲೀಸರು ಕಾಲುಚೀಲದಲ್ಲೇ ಒಳಗೆ ಹೋದರು. ಮಿಂಕೊನ ಹೆಬ್ಬೆರಳು ತೂತಿನಿಂದ ಇಣುಕಿತು.

ಹುಡುಕುವ ಕೆಲಸವೇನೂ ಇರಲಿಲ್ಲ. ಅಡುಗೆಮನೆಯ ಮೇಜಿನ ಹಾಸನ್ನು ಅವಳೇ ಸರಿಸಿದಳು. ಫಲಕ ಬೋರಲಾಗಿ ಮಲಗಿತ್ತು. ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದರ ಮೇಲೆ ಏನೋ ಕೊರೆಯಲಾಗಿತ್ತು. ಪಕ್ಕದಲ್ಲಿ ಮೊಂಡಾದ ಮೊಳೆಗಳು.

ಮಿಂಕೊ ಪಂಚನಾಮೆಗೆ ಬರೆದುಕೊಂಡ: 'ಕಳವಾದ ವಸ್ತುವಿನ ಹಿಂಬದಿಯಲ್ಲಿ ಮೂರು ಅಕ್ಷರ ಪೂರ್ತಿ, ನಾಲ್ಕನೆಯದು ಅರ್ಧ.'

"ಕಂಚು ಬಹಳ ಗಟ್ಟಿ," ಎಂದಳು ಕೀನಾ. "ಶನಿವಾರ ರಾತ್ರಿಯೊಳಗೆ ತಮ್ಮನ ಹೆಸರು ಕೊರೆದು ಮುಗಿಸಿ, ತಿರುಗಿಸಿ ವಾಪಸ್ ಹಾಕಿಬಿಡೋಣ ಅಂದ್ಕೊಂಡಿದ್ದೆ. ಆಗಲಿಲ್ಲ."

"ಹೋಗಿ ಕೇಳಬಹುದಿತ್ತಲ್ಲಮ್ಮ?"

"ಮೇಸ್ತ್ರಿನ ಕೇಳಿದೆ. ಹಳೇ ಕಲ್ಲು ಮಣ್ಣಿನ ಜೊತೆ ಹೋಯ್ತು ಅಂದ. ಇಲ್ಲದ ಕಲ್ಲನ್ನ ಆ ಹುಡುಗಿ ಹತ್ರ ಏನಂತ ಕೇಳಲಿ? ಕಲ್ಲಿಗೆ ಎಷ್ಟಾಗತ್ತೆ ಅಂತ ಚಂದಾ ಎತ್ತೋಕೆ ಮತ್ತೆ ಹೊರಟುಬಿಡ್ತಿದ್ಲು, ಅಂಥವಳು ಅವಳು." ಅವಳು ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು. "ದಾನಿಗಳ ಸಭೇಲಿ ಹೇಳಿದ್ಲು ಸಾರ್, ಹೊಸ ಫಲಕ ಹಾಕ್ತೀವಿ, ಒಪ್ಪಿಗೆನಾ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಹೊಸದು ಹಾಕೋದು ಅಂದ್ರೆ ಹಳೇದು ತೆಗೆಯೋದು ಅಂತ ನನ್ನ ತಲೆಗೆ ಬರಲೇ ಇಲ್ಲ."

"ಅವನಿಗೆ ಸಮಾಧಿ ಇಲ್ಲ," ಎಂದಳು ಮತ್ತೆ. "ದಾರಿಹೋಕರು ನೀರು ಕುಡಿದು ಅವನ ಹೆಸರು ಹೇಳೋರು. ಅಷ್ಟೇ ಇದ್ದಿದ್ದು ಅವನಿಗೆ. ಈಗ ಕುಡಿದೋರು ನನ್ನ ಹೆಸರು ಹೇಳ್ತಾರೆ. ನಂಗ್ಯಾಕೆ ಅದು?"

ನೆರೆಮನೆಯಾಕೆ ಕಣ್ಣೊರೆಸಿಕೊಂಡು ಪಂಚನಾಮೆಗೆ ಸಹಿ ಹಾಕಿದಳು. ಐದು ಗಂಟೆಗೆ ಬಂಧನ ದಾಖಲಾಯಿತು. ಕೀನಾ ಒಲೆ ಆರಿಸಿ, ಕೋಟು ಹಾಕಿಕೊಂಡು ತಾನೇ ಜೀಪು ಹತ್ತಿದಳು.

ಜೀಪು ಪ್ರತಿಷ್ಠಾನದ ಬೀದಿಗೆ ತಿರುಗುವಾಗ ಟೊಂಕೊವ್‌ಗೆ ಶನಿವಾರ ತಾನು ಬೂಟು ಉಜ್ಜಿದ ಬಿಳಿ ಚಪ್ಪಡಿ ನೆನಪಾಯಿತು.

"ನಿಲ್ಸು ಮಿಂಕೊ. ಹಾರೆ ತಗೋ."

ರಾಲಿಟ್ಸಾ ಸದ್ದು ಕೇಳಿ ಹೊರಗೆ ಬಂದಳು. "ಏನಾಯ್ತು ಸಾರ್?"

"ಈ ಚಪ್ಪಡಿ ಎಲ್ಲಿಂದ ಬಂತು?"

"ಇದಾ? ಚಿಲುಮೆ ಒಡೆದಾಗ ಬಂದಿದ್ದು. ಒಳ್ಳೇ ಅಮೃತಶಿಲೆ, ವ್ಯರ್ಥ ಯಾಕೆ ಅಂತ ಮೇಸ್ತ್ರಿಯ ಆಳಿಗೆ ಹೇಳಿ, ಪಾಚಿ ಹಿಡಿದ ಬದಿ ಕೆಳಗೆ ಮಾಡಿ ಇಲ್ಲಿ ಹಾಸಿಸ್ಕೊಂಡೆ. ಮಳೇಲಿ ಕೆಸರು ಆಗ್ತಿತ್ತಲ್ಲ."

ಮಿಂಕೊ ಹಾರೆ ಕೊಟ್ಟು ಮೀಟಿದ. ಚಪ್ಪಡಿ ಮಗುಚಿಕೊಂಡಿತು. ಅಡಿಯ ಬದಿಗೆ ಮಣ್ಣು, ಎರೆಹುಳು, ಪಾಚಿಯ ತುಣುಕು. ಟೊಂಕೊವ್ ಕೈಯಿಂದ ಮಣ್ಣು ಬಳಿದ. ಅಕ್ಷರಗಳು ಸರಿಯಾಗಿಯೇ ಇದ್ದವು. ಪರ್ವಾನ್. ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಕೆಳಗೆ, 'ಕುಡಿಯಿರಿ, ನೆನೆಯಿರಿ'.

ಕೀನಾ ಜೀಪಿನಿಂದ ಇಳಿದದ್ದನ್ನು ಯಾರೂ ತಡೆಯಲಿಲ್ಲ. ಅವಳು ಮಂಡಿಯೂರಿ ಕೋಟಿನ ತೋಳಿನಿಂದ ಒಂದೊಂದೇ ಅಕ್ಷರ ಒರೆಸತೊಡಗಿದಳು. ಟೊಂಕೊವ್ ವಿಷಯ ಹೇಳಿ ಮುಗಿಸುವ ಮೊದಲೇ ರಾಲಿಟ್ಸಾಳ ಮುಖ ಬಿಳಿಚಿಕೊಂಡಿತ್ತು.

"ದಿನಾ ತುಳಿದೆ," ಎಂದಳು. "ಬಂದೋರಿಗೆಲ್ಲ ಕಾಲು ಒರೆಸ್ಕೊಂಡು ಬನ್ನಿ ಅಂತ ನಾನೇ ಹೇಳ್ತಿದ್ದೆ."

ಕೀನಾ ತಲೆಯೆತ್ತಿದಳು. "ನಿಂಗೆ ಗೊತ್ತಿರಲಿಲ್ಲ ಮಗಳೇ. ಗೊತ್ತಿದ್ದೋಳು ನಾನು. ನಾನೇ ಚಪ್ಪಾಳೆ ತಟ್ಟಿದೆ."

ಆಗ ರಾಲಿಟ್ಸಾ ಅತ್ತಳು. ಬೀದಿಯಲ್ಲಿ ಕೂತು, ಚಿಕ್ಕ ಹುಡುಗಿಯ ಹಾಗೆ ಅತ್ತಳು. ಮರುದಿನ ಕಣ್ಣು ಊದಿಸಿಕೊಂಡೇ ಠಾಣೆಗೆ ಬಂದು, ದೂರು ವಾಪಸ್ ಪಡೆಯುತ್ತೇನೆ ಎಂದಳು.

"ಎಫ್‌ಐಆರ್ ಆಗಿದೆ. ಹಾಗೆಲ್ಲ ವಾಪಸ್ ಬರಲ್ಲ," ಎಂದ ಟೊಂಕೊವ್. "ಪ್ರಾಸಿಕ್ಯೂಟರ್ ನೋಡ್ಕೋತಾರೆ. ಹಿಂದಿರುಗಿಸೋ ಉದ್ದೇಶ ಇತ್ತು ಅಂತ ಬರೆದಿದೀನಿ. ಸ್ಕ್ರೂ ಸಾಕ್ಷಿ ಹೇಳತ್ತೆ."

ಕೀನಾಳನ್ನು ಊರು ಬಿಡಬಾರದೆಂಬ ಮುಚ್ಚಳಿಕೆಯ ಮೇಲೆ ಬಿಟ್ಟರು. ಊರು ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ.

"ಹಾಗಾದ್ರೆ ಫಲಕನಾದ್ರೂ ಕೊಡಿ ಸಾರ್," ಎಂದಳು ರಾಲಿಟ್ಸಾ. "ಭಾನುವಾರ ದಾನಿಗಳೆಲ್ಲ ಬರ್ತಾರೆ. ಅವರ ಹೆಸರು ಎಲ್ಲಿ ಅಂತ ಕೇಳಿದ್ರೆ?"

ಸಹಿ ಪಡೆದು ಫಲಕ ಬಿಟ್ಟುಕೊಡಲು ಕಾನೂನಿನಲ್ಲಿ ಅವಕಾಶವಿತ್ತು. ಮಿಂಕೊ ಆ ನಮೂನೆಯನ್ನು ಡ್ರಾಯರಿನಿಂದ ಅರ್ಧ ಹೊರಗೆ ಎಳೆದಿದ್ದ. ಟೊಂಕೊವ್ ಡ್ರಾಯರನ್ನು ಮೊಣಕಾಲಿನಿಂದ ಮುಚ್ಚಿದ.

"ಸಾಕ್ಷ್ಯದ ವಸ್ತು. ಕೇಸು ಮುಗಿಯೋವರೆಗೆ ಕೊಡೋಕಾಗಲ್ಲ. ಕೇಳಿದ್ರೆ ಪೊಲೀಸರು ಕೊಡಲಿಲ್ಲ ಅಂತ ಹೇಳಿ."

ಭಾನುವಾರ ಹನ್ನೊಂದಕ್ಕೆ ಉದ್ಘಾಟನೆ. ಕೊಟ್ಟವರೆಲ್ಲ ಬಂದಿದ್ದರು. ಗೋಡೆಯ ಮೇಲೆ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ, ತೊಳೆದು ಕೂರಿಸಿದ ಬಿಳಿ ಕಲ್ಲೊಂದೇ ಇತ್ತು. ರಾಲಿಟ್ಸಾ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು, ತಾನು ಕಲ್ಲು ತುಳಿದದ್ದನ್ನೂ ಹೇಳಿದಳು. ಕೀನಾ ಎಲ್ಲರಿಗಿಂತ ಹಿಂದೆ, ಹೋಗಿಬಿಡುವವಳ ಹಾಗೆ ನಿಂತಿದ್ದಳು. ಮಾತು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸ್ತಮಾತ್ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೊಗಸೆಯೊಡ್ಡಿ ಕುಡಿದು, ಮೀಸೆ ಒರೆಸಿಕೊಂಡು, ಕಲ್ಲಿನ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದ.

"ಪರ್ವಾನ್. ದೇವರು ಕ್ಷಮಿಸಲಿ."

ಆಮೇಲೆ ಸಾಲು ಹತ್ತಿತು. ಒಬ್ಬೊಬ್ಬರೂ ಕುಡಿದು ಅದನ್ನೇ ಹೇಳಿ ಮುಂದೆ ಸರಿದರು. ಕೊನೆಯಲ್ಲಿ ಕೀನಾಳ ಸರದಿ ಬಂತು.