ರಾಣಿಯ ಕುಬಸ

“ಇದು ಪ್ಯಾಂಟೋ, ಭತ್ತ ತುಂಬೋ ಚೀಲೋ?”

ಮಸ್ಕಿ ಬಸ್ ಸ್ಟ್ಯಾಂಡ್ ಎದುರಿನ ಟೇಲರ್ ಅಂಗಡಿಯ ಮೇಜಿನ ಮೇಲೆ ಪ್ಯಾಂಟು ಬಿಸಾಡಿ ಕೇಳಿದಳು ಕಸ್ತೂರಿ. ಲಿಂಗಸೂಗೂರಿನಿಂದ ಇಲ್ಲಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದು ಇನ್ನೂ ಮೂರು ತಿಂಗಳು. ಸಿಟ್ಟು ಮಾತ್ರ ಮೂವತ್ತು ವರ್ಷ ಸರ್ವಿಸ್ ಆದವರದ್ದು!

ತೊಂಬತ್ತೆರಡನೇ ಇಸವಿ ಅದು. ಹುಡುಗರಿಗೆಲ್ಲ ಬ್ಯಾಗಿ ಪ್ಯಾಂಟಿನ ಹುಚ್ಚು. ಸೊಂಟಕ್ಕೆ ನಾಲ್ಕು ನೆರಿಗೆ, ಒಳಗೆ ಇಬ್ಬರು ಹಿಡಿಯುವಷ್ಟು ಜಾಗ. ಹೆಡ್‌ಮಾಸ್ತರರು ಶಾಲೆಯಲ್ಲಿ ಅದನ್ನು ಬಂದ್ ಮಾಡಿದ್ದರು. ಹತ್ತನೇ ತರಗತಿಯ ರಹಿಮಾನ್ ಹೊಸದಾಗಿ ಹೊಲಿಸಿದ್ದನ್ನು ಗೆಳೆಯರಿಗೆ ತೋರಿಸುತ್ತಿದ್ದಾಗಲೇ ಟೀಚರ್ ಕಸಿದುಕೊಂಡು ಬಂದಿದ್ದಳು.

ಟೇಲರ್ ಸೂಗಪ್ಪ ಸಿಟ್ಟಾಗಲಿಲ್ಲ. ಪ್ಯಾಂಟನ್ನು ತಿರುವಿ, ಒಳಗೆ ಮಡಚಿ ಹೊಲಿದ ಬಟ್ಟೆ ತೋರಿಸಿದ.

“ಹುಡುಗ ಬೆಳಿಯಾಕತ್ತಾನ್ರೀ ಟೀಚರ್. ಅವರಪ್ಪ ಕೂಲಿ ಮಾಡಿ ಎರಡು ವರ್ಷಕ್ಕ ಒಂದ ಪ್ಯಾಂಟು ಹೊಲಸ್ತಾನ. ಬ್ಯಾಗಿ ಅಂದ್ರ, ದೊಡ್ಡದು ಹಾಕ್ಕೊಳಾಕ ಹುಡುಗಗ ನಾಚ್ಕಿ ಆಗಂಗಿಲ್ಲ.”

ಹುಡುಗನಿಗೆ ಮರಳಿಸಲೆಂದು ಕಸ್ತೂರಿ ಪ್ಯಾಂಟನ್ನು ಮಡಚಿಕೊಂಡಳು. ‘ಅಯ್ಯೋ... ಇವನು ತಿರುಗಿ ಬೈದಿದ್ದರೂ ಚೆನ್ನಾಗಿತ್ತು!’ ಎಂದುಕೊಂಡೇ ಹೊರಬಿದ್ದಳು.

ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬದಲಿಗೆ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಆಡಿಸುವ ನಾಟಕದ ಬಟ್ಟೆಗಳನ್ನೆಲ್ಲ ಅವನಿಗೇ ಒಪ್ಪಿಸಿದಳು. ಒಂದು ದಿನ ರಾಜನ ಕೋಟಿನ ಗುಂಡಿ ನೆಪ, ಇನ್ನೊಂದು ದಿನ ಸೈನಿಕರ ತೋಳಿನ ನೆಪ. ಅವನು ಸ್ಟೂಲು ಒರೆಸಿ ಹಾಕುತ್ತಿದ್ದ, ಚಹಾ ತರಿಸುತ್ತಿದ್ದ. ಮಾತು ಕಡಿಮೆ. ಆದರೂ ಕಸ್ತೂರಿಗೆ ಆ ಅರ್ಧ ತಾಸು ಇಲ್ಲದೆ ದಿನ ಮುಗಿಯದಂತಾಯಿತು.

ಉಳಿದದ್ದು ರಾಣಿಯ ಪಾತ್ರ. ಹೆಣ್ಣುಮಕ್ಕಳನ್ನು ಸ್ಟೇಜಿಗೆ ಕಳಿಸಲು ಯಾವ ಮನೆಯವರೂ ಒಪ್ಪಲಿಲ್ಲ. ಕೊನೆಗೆ ರಹಿಮಾನನೇ ರಾಣಿಯಾದ. ಮಾತೆಲ್ಲ ಬಾಯಿಪಾಠ. ಆದರೆ ರಸ್ತೆ ಬದಿಯ ಅಂಗಡಿಯಲ್ಲಿ ನಿಂತು ಕುಬಸಕ್ಕೆ ಅಳತೆ ಕೊಡುವುದೆಂದರೆ ಸತ್ತೇಹೋಗುತ್ತೇನೆಂದ. ಹುಡುಗ ತನ್ನದೇ ಮೈಕಟ್ಟಿನವನೆಂದು ಕಸ್ತೂರಿ ತನ್ನ ಹಳೇ ಕುಬಸವೊಂದನ್ನು ಪೇಪರಿನಲ್ಲಿ ಸುತ್ತಿ, ರಾಣಿಯ ಪಾತ್ರಕ್ಕೆ ಎಂದು ಹೇಳಲು ತಿಳಿಸಿ, ಅವನ ಕೈಗೇ ಕೊಟ್ಟು ಕಳಿಸಿದಳು.

ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ರಹಿಮಾನ್ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಟೀಚರ್ ಕೊಟ್ಟಾರ ಎಂದಷ್ಟೇ ಹೇಳಿ ಓಟ ಕಿತ್ತ.

ಸೂಗಪ್ಪ ಬಿಚ್ಚಿ ನೋಡಿದ. ಅವನು ಹೊಲಿಯುವುದು ಗಂಡಸರ ಬಟ್ಟೆ ಮಾತ್ರ. ಇದುವರೆಗೆ ಒಬ್ಬ ಹೆಣ್ಣುಮಗಳೂ ಅವನಿಗೆ ಅಳತೆ ಕುಬಸ ಕೊಟ್ಟಿದ್ದಿಲ್ಲ. ಅಂಥದ್ದರಲ್ಲಿ ಈಕೆ... ಒಂದು ಮಾತೂ ಹೇಳದೆ ಕಳಿಸಿದ್ದಾಳೆ! ಪಾಪ, ತನ್ನನ್ನು ಮೆಚ್ಚಿದ್ದಾಳೆಂದು ಮನಸ್ಸಿಗೆ ಬೇಕಾದ ಅರ್ಥವನ್ನೇ ಹಚ್ಚಿಕೊಂಡ. ಗುಳೇದಗುಡ್ಡದ ಹಸಿರು ಖಣ ತಂದು, ಎರಡು ಸಲ ಬಿಚ್ಚಿ, ಮೂರನೇ ಸಲ ಮನಸ್ಸಿಗೆ ಒಪ್ಪುವಂತೆ ಹೊಲಿದ.

ಅದನ್ನು ಹಿಡಿದು ಟೀಚರ್ ಬಾಡಿಗೆಗಿದ್ದ ಮನೆಗೆ ಬಂದವಳು ಅವನ ತಾಯಿ ಜಂಬಮ್ಮ.

ಕಸ್ತೂರಿ ಕುಬಸ ನೋಡಿ ಹಿಗ್ಗಿದಳು. “ಭಾಳ ಚೊಲೊ ಆಗೇತ್ರಿ ಅಮ್ಮಾ. ರಹಿಮಾನ್ ಹಾಕ್ಕೊಂಡ್ರ ಖರೇನ ರಾಣಿ ಕಾಣ್ತಾನ.”

ಹಾಗೆ ಅಂದ ಮೇಲೆ ಮುದುಕಿಯ ಇನ್ನೊಂದು ಕೈಯಲ್ಲಿದ್ದ ಕೊಬ್ಬರಿ ಬಟ್ಟಲು, ಕುಂಕುಮದ ಭರಣಿ ಕಂಡವು. ಗಂಡಿನ ತಾಯಿ ಹೀಗೆ ಬಂದರೆ ಅದು ಹೆಣ್ಣು ಕೇಳಲೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಜಂಬಮ್ಮನ ಮುಖ ಬಾಡಿತು. “ನನ್ನ ಮಗಗ ತಿಳಿವಳಿಕಿ ಕಡಿಮಿ ಬೇ. ಮನಸಿಗೆ ಹಚ್ಕೋಬ್ಯಾಡ,” ಎಂದು ಕೊಬ್ಬರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿಬಿಟ್ಟಳು.

ಕಸ್ತೂರಿ ಹೊಸ್ತಿಲಿಗೆ ಬರುವಷ್ಟರಲ್ಲಿ ಮುದುಕಿ ಓಣಿ ದಾಟಿದ್ದಳು. ಬಾಗಿಲು ಹಾಕಿ ಅತ್ತಳು. ನಾಚಿಕೆಗಲ್ಲ... ಅವರು ಕೇಳಲು ಬಂದದ್ದು ತನಗೆ ಎಷ್ಟು ಬೇಕಾಗಿತ್ತೆಂದು ಆಗಲೇ ತಿಳಿದದ್ದಕ್ಕೆ.

ಆಮೇಲೆ ಮೂರು ದಿನ ಅಂಗಡಿಗೆ ಹೋದಳು. ಸೂಗಪ್ಪ ಸ್ಟೂಲು ಹಾಕಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ, ತಲೆ ಮಾತ್ರ ಎತ್ತಲಿಲ್ಲ. ನಾಟಕ ಮುಗಿದರೆ ಅಲ್ಲಿಗೆ ಹೋಗುವ ನೆಪವೂ ಮುಗಿಯುತ್ತದೆ. ‘ಈಗ ಹೇಳದಿದ್ದರೆ ಇವನು ಜೀವಮಾನದಲ್ಲಿ ನನ್ನತ್ತ ನೋಡುವುದಿಲ್ಲ...’

ಗ್ಯಾದರಿಂಗಿನ ಮಧ್ಯಾಹ್ನ ರಾಜನ ಕೋಟು ಹರಿಯಿತು. ಸೂಜಿ ದಾರ ಹಿಡಿದು ಪರದೆ ಹಿಂದೆ ಬಂದ ಸೂಗಪ್ಪ, ರಾಣಿಯನ್ನು ನೋಡಿ ನಿಂತ. ರಹಿಮಾನ್ ಟೀಚರ್ ಕೊಟ್ಟ ಹಳದಿ ಕುಬಸ ತೊಟ್ಟಿದ್ದ. ಹಸಿರಿನದ್ದು ಎಲ್ಲಿ ಎಂದು ಕೇಳಿದ್ದಕ್ಕೆ ಹುಡುಗ ಸುಮ್ಮನೆ ಟೀಚರ್ ಕಡೆ ಕೈ ತೋರಿಸಿದ.

ಇಡೀ ಊರು ಸೇರಿದ ದಿನ, ಎಲ್ಲರ ಕಣ್ಣಿಗೆ ಬೀಳುವಂತೆ, ಕಸ್ತೂರಿ ಅದನ್ನು ತೊಟ್ಟು ಬಂದಿದ್ದಳು.

“ನಾ ತಪ್ಪು ತಿಳ್ಕೊಂಡಿದ್ದೆ ರೀ ಟೀಚರ್...”

“ನೀವು ತಿಳ್ಕೊಂಡದ್ದು ತಪ್ಪಲ್ರೀ. ನನಗ ತಿಳಿಯಾಕ ತಡ ಆತು.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಐತವಾರ ಅಮ್ಮನ್ನ ಕರ್ಕೊಂಡು ಲಿಂಗಸೂಗೂರಿಗೆ ಬರ್ರಿ. ಅಪ್ಪ ಮನ್ಯಾಗಿರ್ತಾರ.”

ಸೂಗಪ್ಪನ ಕಣ್ಣು ತುಂಬಿತು. ಹೇಳಬೇಕಾದದ್ದು ನೂರಿತ್ತು. ಬಾಯಿಗೆ ಬಂದದ್ದು ಒಂದೇ.

“ತೋಳು... ಬಿಗಿ ಆಗಿಲ್ಲಲ್ರೀ?”

“ಇಲ್ರೀ,” ಎಂದಳು ಕಸ್ತೂರಿ, ಕಣ್ಣೊರೆಸಿಕೊಂಡು. “ಭಾಳ ಸರಿ ಕುಂತೈತಿ.”