ಮಡಿಕೆ ಬಿಚ್ಚದ ಸೀರೆ

"ಬೇಡ... ಅದನ್ನ ಮೈ ಮೇಲೆ ಹಾಕ್ಬೇಡಿ!"

ವಾಣಿಯ ಕೈ ಅಲ್ಲೇ ನಿಂತಿತು.

ಗೌರಿ ಹಬ್ಬದ ಹಿಂದಿನ ದಿನ. ಶಿವಮೊಗ್ಗದ ಗಾಂಧಿ ಬಜಾರಿನ ಆ ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಣ್ಣ ಹೇಗೆ ಕಾಣುತ್ತದೆಂದು ತೋರಿಸಲು ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಳ್ಳುವುದು ವಾಣಿಗೆ ಅಭ್ಯಾಸ. ಈಗಲೂ ನೇರಳೆ ಬಣ್ಣದ ಹತ್ತಿ ಸೀರೆಯೊಂದನ್ನು ಹಾಗೇ ಹಾಕಿಕೊಂಡಿದ್ದಳು, ಅಷ್ಟೇ.

ಎದುರಿಗಿದ್ದ ಯುವಕನ ಮುಖ ಬಿಳಿಚಿಕೊಂಡಿತ್ತು. ಅವನು ಸೀರೆಯನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

"ಯಾಕ್ ಸಾರ್, ಬಣ್ಣ ಹಿಡಿಸ್ಲಿಲ್ವಾ?"

"ಬಣ್ಣ ಚೆನ್ನಾಗಿದೆ. ಆದ್ರೆ ಮಡಿಕೆ ಬಿಚ್ಚಬಾರದಿತ್ತು. ಬೇರೆ ಕೊಡಿ... ಬಿಚ್ಚದೇ ಇರೋದು."

"ಯಾರಿಗೆ ಸಾರ್? ಅವರನ್ನೇ ಕರ್ಕೊಂಡು ಬಂದಿದ್ರೆ ಒಳ್ಳೇದಿತ್ತು."

ಅವನು ಮಾವಿನಕಾಯಿ ಅಂಚಿನ ಗಿಳಿಹಸಿರು ಸೀರೆಯನ್ನು ಬೆರಳಲ್ಲಿ ತೋರಿಸಿ, ಬಿಲ್ ಮಾಡಿಸಿಕೊಂಡು ಹೊರಟ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ.

ಪಕ್ಕದ ಕೌಂಟರಿನ ಪುಷ್ಪಾ ಮೊಣಕೈಯಿಂದ ತಿವಿದಳು. "ಏನೇ ಮಾರಾಯ್ತಿ, ಸೀರೆ ಬಿಟ್ಟು ನಿನ್ನನ್ನೇ ಪ್ಯಾಕ್ ಮಾಡಿಸ್ಕೊಂಡು ಹೋಗೋ ಹಾಗಿದ್ನಲ್ಲ ಅವನು."

ವಾಣಿ ನಕ್ಕಳು. ಆದರೆ ಸೆರಗು ತಾಗಿದ್ದ ಹೆಗಲು ಸಂಜೆಯವರೆಗೂ ತಣ್ಣಗೇ ಇತ್ತು...

ಹಬ್ಬ ಕಳೆದು ಎರಡು ವಾರವಾಗಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಪುಷ್ಪಾ ಫೋನನ್ನು ಅವಳ ಮುಂದೆ ಹಿಡಿದಳು. "ಇದನ್ನ ನೋಡು. 'ಇಬ್ಬನಿ' ಮುಖ ತೋರಿಸಿದಾರೆ."

'ಇಬ್ಬನಿ' ಎಂದರೆ ಭದ್ರಾವತಿಯ ಹುಡುಗರು ಸೇರಿ ಯೂಟ್ಯೂಬಿಗೆ ಹಾಕುತ್ತಿದ್ದ ಕನ್ನಡದ ಅನಿಮೆ, ಜಪಾನಿ ಶೈಲಿಯ ಕಾರ್ಟೂನು. ನಾಯಕಿಯ ಹೆಸರೂ ಅದೇ. ಅವಳ ಕೂದಲು ಯಾವಾಗಲೂ ಮುಖದ ಮೇಲೆ. ಅವಳು ಬರುವ ಮೊದಲು ಕಾಗೆಯೊಂದು ಬಂದು ಕೂರುತ್ತದೆ. ಅವಳು ಯಾರೆದುರೂ ಊಟ ಮಾಡುವುದಿಲ್ಲ, ಬಾಗಿಲು ಮುಚ್ಚಿಕೊಂಡೇ ಮಾಡುತ್ತಾಳೆ. ದೇವದೂತೆ ಎಂದು ಕೆಲವರು, ಜಪಾನಿನ ಯಾವುದೋ ದೇಗುಲದ ಕನ್ಯೆ ಎಂದು ಕೆಲವರು ಕಾಮೆಂಟಿನಲ್ಲಿ ಜಗಳವಾಡುತ್ತಿದ್ದರು.

ಪರದೆಯ ಮೇಲೆ ಗಾಳಿ ಬೀಸಿತು. ಇಬ್ಬನಿಯ ಕೂದಲು ಸರಿಯಿತು.

ವಾಣಿ ಫೋನನ್ನು ಕಿತ್ತುಕೊಂಡು ಹತ್ತಿರ ಹಿಡಿದಳು. ಅದೇ ಹುಬ್ಬು. ಗಲ್ಲದ ಮೇಲೆ, ಚಿಕ್ಕವಳಿದ್ದಾಗ ಬಿದ್ದು ಆದ ಅದೇ ಗೀರು...

"ನೀನೇ ಅಲ್ವೇನೇ?" ಪುಷ್ಪಾಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಇಬ್ಬನಿ ಉಟ್ಟಿದ್ದು ಮಾವಿನಕಾಯಿ ಅಂಚಿನ ಗಿಳಿಹಸಿರು ಸೀರೆ. ಅದರ ಮೇಲೆ ಚೌಕ ಚೌಕವಾಗಿ ಮಡಿಕೆಯ ಗೆರೆಗಳು. ಮೂಲೆಯಲ್ಲಿ ಅರಿಶಿನದ ಬೊಟ್ಟು.

ದಿನವಿಡೀ ಸೀರೆ ಮಡಿಸುವವಳಿಗೆ ಆ ಗೆರೆಗಳ ಅರ್ಥ ತಿಳಿಯದೇ? ಇದು ಬಿಚ್ಚಿ ಉಟ್ಟ ಸೀರೆಯಲ್ಲ. ಮಡಿಕೆಯಲ್ಲೇ ಎದುರಿಗೆ ಇಟ್ಟ ಸೀರೆ. ಅರಿಶಿನ, ಕಾಗೆ, ಮುಚ್ಚಿದ ಬಾಗಿಲು. ಇಬ್ಬನಿಯ ಕೋಣೆಗೆ ಹೋಗುವವರು ಪ್ರತಿ ಸಲ ಕದ ತಟ್ಟಿ, ಕೆಮ್ಮಿ, ಆಮೇಲೆ ತೆರೆಯುವುದು...

ಮಹಾಲಯ ಅಮಾವಾಸ್ಯೆಗೆ ಅವಳ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಹಿರಿಯರಿಗೆ ಎಡೆ ಇಟ್ಟು ಬಾಗಿಲು ಮುಚ್ಚುವುದು. ಅವರು ಬಂದು ಉಂಡು ಏಳುವಷ್ಟು ಹೊತ್ತು ಹೊರಗೆ ಕಾಯುವುದು.

ಇಬ್ಬನಿ ದೇವದೂತೆಯಲ್ಲ. ಇಬ್ಬನಿ ಸತ್ತವಳು.

ಸತ್ತವಳಿಗೆ ನನ್ನ ಮುಖ!

ವಾಣಿ ಕಾಮೆಂಟ್ ಬರೆದಳು. 'ಆ ಸೀರೆ ನಾನು ಮಾರಿದ್ದು. ಆ ಮುಖ ನನ್ನದು. ವಾಪಸ್ ಕೊಡಿ.'

ಮರುದಿನ ಅಂಗಡಿ ತೆರೆಯುವಾಗಲೇ ಅವನು ಮೆಟ್ಟಿಲ ಬಳಿ ನಿಂತಿದ್ದ. ಹೆಸರು ದುಶ್ಯಂತ್. ಇಬ್ಬನಿಯ ಚಿತ್ರ ಬರೆಯುವವನು.

"ತಪ್ಪಾಯ್ತು," ಎಂದ. "ಬೇಕು ಅಂತ ಮಾಡಿದ್ದಲ್ಲ. ಅವಳ ಹೆಸರು ಸುಷ್ಮಾ. ಭದ್ರಾವತಿ ನ್ಯೂ ಟೌನಲ್ಲಿ ನಮ್ಮ ಪಕ್ಕದ ಮನೆ. ನನಗೂ ಅವಳಿಗೂ ನಿಶ್ಚಿತಾರ್ಥ ಆಗಿತ್ತು... ಮದುವೆಗೆ ಮೊದಲೇ ಜ್ವರದಲ್ಲಿ ಹೋದ್ಲು. ಅವರಮ್ಮ ಪ್ರತಿ ವರ್ಷನೂ ಎಡೆ ಇಡ್ತಾರೆ. ಸೀರೆ ನಾನು ತರ್ತೀನಿ."

"ಅದಕ್ಕೆ ನಾನು ಹೆಗಲ ಮೇಲೆ ಹಾಕಿದ್ದಕ್ಕೆ ಕಿರುಚಿದ್ರಾ?"

"ಅವಳಿಗೆ ಅಂತ ತಗೊಳ್ಳೋಕೆ ಬಂದಿದ್ದು. ಬದುಕಿರೋರ ಮೈಗೆ ತಾಗಬಾರದು. ಹೆದರಿಬಿಟ್ಟೆ... ನಿಮಗೆ ಏನಾದ್ರೂ ಆದ್ರೆ ಅಂತ."

ಯಾರೋ ಗುರುತಿಲ್ಲದವಳಿಗಾಗಿ ಹೆದರಿದವನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲು ಸಾಧ್ಯ? ಆ ಎಪಿಸೋಡನ್ನು ಅವನು ಅಂದೇ ತೆಗೆದುಹಾಕಿದ. ಆಮೇಲೆ ಕ್ಷಮೆಯ ಮೆಸೇಜು, ಅದಕ್ಕೊಂದು ಉತ್ತರ... ಕೆಲವೇ ದಿನಗಳಲ್ಲಿ, ಕೆಲಸ ಮುಗಿಸಿ ರವೀಂದ್ರನಗರದ ಮನೆಗೆ ನಡೆಯುವಾಗ ಅವಳ ಕೈ ತಾನಾಗಿ ಫೋನನ್ನು ಹುಡುಕುತ್ತಿತ್ತು.

ಆದರೆ ಕನ್ನಡಿಯ ಮುಂದೆ ನಿಂತರೆ ಅದೇ ಭಯ. ಇವನಿಗೆ ಬೇಕಾಗಿರುವುದು ನಾನಾ... ಅಥವಾ ಇದೇ ಮುಖದ ಇನ್ನೊಬ್ಬಳಾ?

ಕೊನೆಗೆ ಕೇಳಿಯೇ ಬಿಟ್ಟಳು. 'ನನ್ನ ನೋಡುವಾಗ ಯಾರನ್ನ ನೋಡ್ತೀರಿ?'

ಅವನು ಬರೆಯುತ್ತಿರುವುದು ಕಂಡಿತು. ನಿಂತಿತು. ಮತ್ತೆ ಬರೆದ. ಉತ್ತರ ಮಾತ್ರ ಬರಲಿಲ್ಲ.

'ಅಮಾವಾಸ್ಯೆಗೆ ಬರ್ತೀನಿ. ಅವಳು ಹೇಗಿದ್ಲು ಅಂತ ನಾನೇ ನೋಡ್ಬೇಕು,' ಎಂದು ವಾಣಿ ಬರೆದಳು.

ಅವಳು ಭದ್ರಾವತಿ ತಲುಪುವಷ್ಟರಲ್ಲಿ ಸುಷ್ಮಾಳ ತಾಯಿ ಪದ್ಮಮ್ಮ ಎಡೆ ಇಟ್ಟು ಕೋಣೆಯ ಬಾಗಿಲು ಮುಚ್ಚಿ ಆಗಿತ್ತು. ನ್ಯೂ ಟೌನಿನ ಆ ಹಳೆಯ ಕ್ವಾರ್ಟರ್ಸಿನ ಎತ್ತರದ ಚಾವಣಿ, ಕೆಂಪು ನೆಲ. ಹಗಲಾದರೂ ಒಳಗೆ ಮಬ್ಬು. ಹೊರಗೆ ಕಾಂಪೌಂಡಿನ ಮೇಲೆ ಕಾಗೆಯೊಂದು ಕೂಗದೆ ಕುಳಿತಿತ್ತು. ದುಶ್ಯಂತ್ ಗೋಡೆಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದ.

ಪದ್ಮಮ್ಮ ಅವಳ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದರು. "ನೀನೇನಾ ಆ ಬೊಂಬೆಯ ಹುಡುಗಿ?"

"ಹೂಂ ಅಮ್ಮ."

"ಹೆದರ್ಕೊಂಡಿದೀಯ."

"ಹೂಂ."

"ಸರಿ. ಹೊತ್ತಾಯ್ತು. ಇವತ್ತು ಕದ ನೀನೇ ತಟ್ಟು. ನೀನು ಬಂದಿದೀಯ ಅಂತ ಅವಳಿಗೂ ಗೊತ್ತಾಗ್ಲಿ."

ವಾಣಿ ಕೈ ಎತ್ತಿದಳು. ತಟ್ಟುವ ಮೊದಲೇ, ಒಳಗಿನಿಂದ...

ಸರ್ರ್...

ಗಂಜಿ ಹಾಕಿದ ಹೊಸ ಹತ್ತಿ ಸೀರೆಯ ಮಡಿಕೆ ಬಿಚ್ಚಿಕೊಳ್ಳುವ ಸದ್ದು. ದಿನಾ ಕೇಳುವ ಸದ್ದು. ನಿದ್ದೆಯಲ್ಲಿ ಕೇಳಿದರೂ ಅವಳು ಗುರುತಿಸಬಲ್ಲಳು.

ಅವಳು ಪದ್ಮಮ್ಮನ ಕಡೆ ನೋಡಿದಳು. ಪದ್ಮಮ್ಮ ಕಣ್ಣು ಮುಚ್ಚಿಕೊಂಡಿದ್ದರು.

ಕದ ತಟ್ಟಿದಳು. ಕೆಮ್ಮಿದಳು. ತೆರೆದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ದೀಪದ ಮುಂದೆ ಬಾಳೆ ಎಲೆ, ಹೋಳಿಗೆ, ಕೋಸಂಬರಿ. ಮಣೆಯ ಮೇಲೆ ಗಿಳಿಹಸಿರು ಸೀರೆ.

ಅದರ ಒಂದು ಮಡಿಕೆ ಬಿಚ್ಚಿಕೊಂಡಿತ್ತು.

ಸೀರೆಯ ಹಿಂದೆ ಹೂವಿನ ಹಾರ ಹಾಕಿದ ಫೋಟೋ. ವಾಣಿ ಉಸಿರು ಹಿಡಿದು ಕಣ್ಣೆತ್ತಿದಳು.

ದುಂಡು ಮುಖ. ಗುಂಗುರು ಕೂದಲು. ಮುಂದಿನ ಹಲ್ಲುಗಳ ನಡುವೆ ಸಂದು. ನಗುತ್ತಿದ್ದ ಆ ಹುಡುಗಿಗೂ ವಾಣಿಗೂ ಎಳ್ಳಷ್ಟೂ ಹೋಲಿಕೆ ಇರಲಿಲ್ಲ!

"ದುಶ್ಯಂತ್..." ಅವಳು ತಿರುಗಿದಳು. "ಇವರು ನನ್ನ ಹಾಗಿಲ್ವಲ್ಲ?"

"ಇಲ್ಲ." ಅವನು ಹೊಸ್ತಿಲ ಬಳಿಗೆ ಬಂದ. "ಅವಳ ಮುಖ ಬರೆಯೋಕೆ ಕೂತ್ರೆ ಕೈ ಬರ್ತಿರ್ಲಿಲ್ಲ. ಅದಕ್ಕೇ ಅಷ್ಟು ದಿನ ಕೂದಲು ಮುಚ್ಚಿದ್ದು. ಅವತ್ತು ಕೂದಲು ಸರಿಸಿದಾಗ... ನಿಮ್ಮ ಮುಖ ಬಂತು. ಅವಳ ಜಾಗದಲ್ಲಿ ನಿಮ್ಮನ್ನ ಬರೆದುಬಿಟ್ಟೆ. ಅವಳಿಗೆ ಮೋಸ ಮಾಡಿದೆ ಅನ್ನಿಸ್ತು. ನಿಮಗೆ ಏನಂತ ಉತ್ತರ ಬರೀಲಿ?"

ಪದ್ಮಮ್ಮ ಬಗ್ಗಿ ಬಿಚ್ಚಿದ ಮಡಿಕೆಯನ್ನು ಸವರಿದರು. ಗಂಜಿ ಸಡಿಲಾಗಿ ತಾನೇ ಬಿಚ್ಚಿಕೊಂಡಿರಬಹುದು. ಅವರು ಹಾಗೆ ಹೇಳಲಿಲ್ಲ.

"ಯಾವ ವರ್ಷನೂ ಅವಳು ಸೀರೆ ಮುಟ್ಟಿರ್ಲಿಲ್ಲ ಕಣಪ್ಪ. ಇವತ್ತು ಬಿಚ್ಚಿ ನೋಡಿದಾಳೆ. ಅವಳಿಗೆ ಸಿಟ್ಟಿದ್ದಿದ್ರೆ ಹೀಗೆ ಮಾಡ್ತಿದ್ಲಾ?" ವಾಣಿಯ ಕಡೆ ಕೈ ತೋರಿಸಿದರು. "ಇವಳ ಮುಖ ಇವಳಿಗೆ ಕೊಡು. ನನ್ನ ಮಗಳ ಮುಖ ನನ್ನ ಮಗಳಿಗೆ ಬರಿ. ಈಗ ನಡೀರಿ, ಊಟಕ್ಕೆ. ಕೋಸಂಬರಿ ನೀರು ಬಿಡುತ್ತೆ."

ಹೊರಗೆ ಕಾಗೆ ಕೂಗಿತು.

ಮುಂದಿನ ವಾರದ ಎಪಿಸೋಡಿನಲ್ಲಿ ಇಬ್ಬನಿಯ ಕೂದಲು ಮತ್ತೊಮ್ಮೆ ಸರಿಯಿತು. ದುಂಡು ಮುಖ, ಹಲ್ಲಿನ ಸಂದು ಕಾಣುವ ನಗು. ವಾಣಿ ಅದನ್ನು ನೋಡಿ ಅತ್ತಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ರವೀಂದ್ರನಗರದ ಮನೆಯ ಬಾಗಿಲ ಹೊರಗೆ ಸದ್ದಾಯಿತು. ಮೊದಲು ಕದ ತಟ್ಟಿದ್ದು. ಆಮೇಲೆ ಒಂದು ಕೆಮ್ಮು. ಆಮೇಲೆ ಮೌನ.

ವಾಣಿಯ ಮೈ ಒಂದು ಕ್ಷಣ ಜುಮ್ಮೆಂದಿತು. ಮರುಕ್ಷಣ ನಗು ಬಂತು.

"ನಾನು ಬದುಕಿದೀನಿ ಮಾರಾಯ್ರೆ. ಸುಮ್ನೆ ಒಳಗೆ ಬನ್ನಿ."

ದುಶ್ಯಂತ್ ನಾಚಿಕೊಂಡು ಒಳಗೆ ಬಂದ. ಕೈಯಲ್ಲಿ ಅವಳದೇ ಅಂಗಡಿಯ ಚೀಲ. ಒಳಗೆ, ಅವತ್ತು ಅವಳು ಹೆಗಲ ಮೇಲೆ ಹಾಕಿಕೊಂಡಿದ್ದ ನೇರಳೆ ಸೀರೆ.

"ಪುಷ್ಪಾ ಎತ್ತಿಟ್ಟಿದ್ರು. 'ಬರ್ತೀರಿ ಅಂತ ಗೊತ್ತಿತ್ತು ಸಾರ್' ಅಂದ್ರು."

ವಾಣಿ ಸೀರೆಯನ್ನು ಎದೆಗೆ ಒತ್ತಿಕೊಂಡಳು. "ನಾನು ಕೇಳಿದ್ದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ."

"ನಿನ್ನನ್ನ," ಎಂದ ಅವನು. "ಅವತ್ತಿಂದಲೂ ನಿನ್ನನ್ನೇ ನೋಡ್ತಿರೋದು, ವಾಣಿ."

ಅವಳು ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಮಡಿಕೆ ಬಿಚ್ಚಲಾ?"

"ಬಿಚ್ಚು. ಇದು ಉಡೋಕೆ ತಂದಿರೋದು."